ಕೆಂಪಿ ಹೆತ್ತ ಸಿಂಬೆ

ಮಾಸ್ತಿ, ೧೨ ನವೆಂಬರ್ ೧೯೮೪, ಸಂಜೆ. ನಮ್ಮ ನಾಯಿ ಕೆಂಪಿ ಮೊನ್ನೆಯಿಂದ ಮುದ್ದೆ ಮುಟ್ಟಿಲ್ಲ. ನೀರು ಮಾತ್ರ ಕುಡಿಯುತ್ತಾಳೆ, ಎಷ್ಟಿಟ್ಟರೂ ಸಾಲದು.

ಅಮ್ಮಾ,

ಹೋದ ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನೀನು ಅವಳಿಗೆ ಗೋಣಿ ಹಾಸಿದ್ದು ನೆನಪಿದೆಯಾ? ಹೊಟ್ಟೆ ದಪ್ಪ, ಮೊಲೆಯಲ್ಲಿ ಹಾಲು. ಬಾಣಂತಿಗೆ ಕೊಡುವ ಹಾಗೆ ನೀನೇ ಬೆಲ್ಲದ ಅಂಬಲಿ ಕುಡಿಸುತ್ತಿದ್ದೆ. ಮರಿ ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಹುಲ್ಲುಹೊರೆ ಹೊರುವಾಗ ನೀನು ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬೆಯನ್ನು ಅವಚಿಕೊಂಡು ಮಲಗಿದ್ದಳು. ಹತ್ತಿರ ಹೋದವರಿಗೆಲ್ಲ ಗುರ್. "ಅಯ್ಯೋ ನಮ್ಮವ್ವ, ಸಿಂಬೆ ಹೆತ್ತವ್ಳೆ!" ಎಂದು ನೀನು ನಕ್ಕೆ. ಹಳೇ ಟವಲ್ಲು ಸುತ್ತಿಕೊಂಡು ಹೊಲಕ್ಕೆ ಹೋದೆಯೇ ಹೊರತು ಅದನ್ನು ಕಿತ್ತುಕೊಳ್ಳಲಿಲ್ಲ.

ಈ ಸಲವೂ ಬೆದೆ ಮುಗಿದ ಮೇಲೆ ಹೊಟ್ಟೆ ಊದಿತು. ಇವತ್ತು ಬೆಳಿಗ್ಗೆ ತಮ್ಮ ನಾಣಿ, ಹಸು ಹಾಲು ಇಳಿಸಲೆಂದು ಚುಚ್ಚುವ ಇಂಜೆಕ್ಷನ್ ಹಿಡಿದು ಬಂದ.

"ಒಂದು ಚುಚ್ಚಿದ್ರೆ ಮರಿ ಜಾರ್ಕೊಂಡು ಬರ್ತವೆ ಅಕ್ಕ. ಹಸೂಗೆ ಆಗೋದು ನಾಯಿಗಾಗಲ್ವಾ?"

"ಲೇ, ಮರಿ ಇದೆ ಅಂತ ಯಾರು ಹೇಳಿದ್ರು?"

"ಹೊಟ್ಟೇನೇ ಹೇಳ್ತಾ ಇದೆಯಲ್ಲ!"

"ಹೋದ ಸಲಾನೂ ಹೇಳಿತ್ತು ಕಣೋ. ಹೆತ್ತಿದ್ದು ಸಿಂಬೆ."

ಅವನು ನಗಲಿಲ್ಲ. ಕೆಂಪಿ ಎದ್ದು ನಿಲ್ಲಲಾಗದೆ ಕುಸಿದಳು. ತರಕಾರಿ ಟೆಂಪೋದಲ್ಲಿ ಮಾಲೂರಿಗೆ ಹೋದೆವು.

ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ, "ಮರಿಯಲ್ಲ, ಗರ್ಭದ ತುಂಬ ಕೀವು. ಗರ್ಭದ ಬಾಯಿ ಮುಚ್ಚಿಕೊಂಡಿದೆ" ಅಂದರು. ನಾಣಿ ಜೇಬಿನಿಂದ ಇಂಜೆಕ್ಷನ್ ತೆಗೆದು ತೋರಿಸಿದ. ವೈದ್ಯರು ಗದರಿದರು: "ಹಾಲಿಳಿಸೋ ಹಾರ್ಮೋನೇ ಗರ್ಭಾನೂ ಹಿಂಡುತ್ತೆ ಕಣಯ್ಯಾ. ಬಾಯಿ ಕಟ್ಟಿದ ಚೀಲ ಹಿಂಡಿದ್ರೆ? ಒಳಗೇ ಒಡೀತಿತ್ತು." ನಾಣಿಯ ಮುಖ ನೋಡಲಾಗಲಿಲ್ಲ.

ನಾಯಿಗೆ ಬೆದೆ ಮುಗಿದ ಮೇಲೆ, ಮರಿ ಕಟ್ಟಲಿ ಬಿಡಲಿ, ಮೈಯಲ್ಲಿ ಬಸಿರಿನ ಹಾರ್ಮೋನು ಎರಡು ತಿಂಗಳು ಇರುತ್ತದಂತೆ. ಅದು ಇಳಿಯುವಾಗ ಮಿದುಳಿನ ಕಡೆಯಿಂದ ಇನ್ನೊಂದು ಬಂದು ಮೊಲೆಗೆ ಹಾಲು ತುಂಬುತ್ತದಂತೆ. ಒಳಗೆ ಯಾರೂ ಇಲ್ಲವೆಂದು ಮೈಗೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಗರ್ಭದ ಗೋಡೆ ದಪ್ಪವಾಗುತ್ತಾ ಕೊನೆಗೆ ಹೀಗೂ ಆಗಬಹುದಂತೆ. ಅಂದರೆ ನಾವು ನಕ್ಕ ಆ ದಿನವೂ ಅವಳೊಳಗೆ...

ಉಳಿಯಬೇಕಾದರೆ ಕೋಲಾರದಲ್ಲಿ ಆಪರೇಷನ್ ಮಾಡಿ ಗರ್ಭ ತೆಗೆಸಬೇಕು. ಮೇಜಿನ ಮೇಲೆಯೇ ಹೋದರೂ ಹೋಗಬಹುದು. ಬಿಟ್ಟರಂತೂ ಖಂಡಿತ ಉಳಿಯುವುದಿಲ್ಲ.

ಹಿಂದೊಮ್ಮೆ ನಾನು ಕೆಂಪಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ಮಾತೆತ್ತಿದಾಗ ನೀನು ಕೈಲಿದ್ದ ಮೊರ ಕೆಳಗಿಟ್ಟೆ. "ಹೆಣ್ಣು ಜೀವದ ಬಸಿರಿಗೆ ಕತ್ತಿ ಹಾಕ್ಸಿದ್ರೆ ಈ ಮನೇಲಿ ನೀರು ಕುಡೀಬೇಡ ಕಣೇ." ಗೌನಿಪಲ್ಲಿಯ ಚಿಕ್ಕಮ್ಮನಿಗೆ ಮಾವಿನ ತೋಪು ಕಾಯಲು ಕೆಂಪಿಯ ಮರಿ ಕೊಡುತ್ತೇನೆಂದು ನೀನು ಮಾತೂ ಕೊಟ್ಟಿದ್ದೆ. ನಿನ್ನ ತಿಥಿಯ ದಿನವೂ ಚಿಕ್ಕಮ್ಮ ಕೇಳಿದರು: "ಅಕ್ಕ ಹೇಳಿದ ಮರಿ ಮರೀಬೇಡಮ್ಮ." ಕೀವಿನ ವಿಷಯ ಗೊತ್ತಿದ್ದರೆ ನೀನು ಬೇರೆ ಮಾತು ಹೇಳುತ್ತಿದ್ದೆಯಾ? ಕೇಳೋಣವೆಂದರೆ...

ಕೆಂಪಿ ಈಗ ಗೋಣಿಯ ಮೇಲಿದ್ದಾಳೆ. ಮೂತಿಯ ಹತ್ತಿರ ಆ ಸಿಂಬೆ.

ನಿರ್ಧಾರ ಮಾಡಿದ್ದೇನೆ ಅಮ್ಮಾ. ಬೆಳಗಾಗುತ್ತಲೇ ಟೆಂಪೋ ಬರುತ್ತದೆ, ಕೋಲಾರಕ್ಕೆ ಹೋಗುತ್ತೇವೆ. ಕತ್ತಿ ಹಾಕಿಸುತ್ತೇನೆ. ಮರಿ ಇಲ್ಲವೆಂದು ಚಿಕ್ಕಮ್ಮನಿಗೆ ನಾನೇ ಹೇಳುತ್ತೇನೆ. ಸಿಂಬೆಯನ್ನೂ ತೆಗೆದುಕೊಂಡು ಹೋಗುತ್ತೇನೆ. ಅವಳು ಕಣ್ಣು ಬಿಟ್ಟರೆ ಮೊದಲು ಅದನ್ನೇ ಹುಡುಕುತ್ತಾಳೆ.