ಇಟ್ಟಿಗೆ ಮುಚ್ಚಿದ ಕಿಟಕಿ

ಹೆದರ್‌ಗಿಲ್ ಮನೆ, ಯಾರ್ಕ್‌ಶೈರ್
ನವೆಂಬರ್ 14, 1851

ಪ್ರೀತಿಯ ಡಾರ್ಕಸ್ ಅಕ್ಕನಿಗೆ ತಂಗಿ ಕೆಜಾಯಾಳ ವಂದನೆಗಳು.

ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತೆ, ಕ್ಷಮಿಸು. ಬರೆಯಹೋದರೆ ಕೈಯೇ ಓಡುತ್ತಿರಲಿಲ್ಲ.

ಒಂದು ಕಥೆ ಹೇಳುತ್ತೇನೆ. ಇದನ್ನು ನಮಗೆ ಹೇಳಿದವಳು ನೆರೆಮನೆಯ ಹೆಪ್ಸಿಬಾ ಅಜ್ಜಿ. ಮೊನ್ನೆ ಹಂದಿ ಕೊಯ್ದ ದಿನ ಸಂಜೆ ಎಲ್ಲರೂ ಒಲೆ ಮುಂದೆ ಕೊಬ್ಬು ಕರಗಿಸುತ್ತಾ ಕೂತಿದ್ದೆವು.

ಕಿಟಕಿಗೂ ಕಂದಾಯ ಕಟ್ಟಬೇಕಾಗಿದ್ದ ಕಾಲದಲ್ಲಿ ನನ್ನ ಗಂಡನ ತಾತ ನಮ್ಮ ಬಡಗಣ ಕೋಣೆಯ ಒಂದೇ ಕಿಟಕಿಗೆ ಇಟ್ಟಿಗೆ ಕಟ್ಟಿಸಿದನಂತೆ. ನಾನು ಬಂದ ಮೇಲೂ ಅಲ್ಲಿಗೆ ನಡುಮಧ್ಯಾಹ್ನ ಮೇಣದಬತ್ತಿ ಹಿಡಿದೇ ಹೋಗಬೇಕಿತ್ತು. ಹೊರಗೆ ಬೋಳುಬಯಲಿನ ಗಾಳಿ ಎಷ್ಟು ಮೊರೆದರೂ ಒಳಗೆ ಉರಿ ಅಲುಗುತ್ತಿರಲಿಲ್ಲ. ನನಗೆ ಭಯವಾಗುತ್ತಿದ್ದುದು ಅದಕ್ಕೇ. ತಾತನ ಹೆಂಡತಿ ಸತ್ತದ್ದು ಆ ಕೋಣೆಯಲ್ಲೇ. ಉಸಿರು ನಿಂತೊಡನೆ ಕಿಟಕಿ ತೆರೆದು ಜೀವವನ್ನು ಹೊರಗೆ ಬಿಡಬೇಕಲ್ಲ, ತೆರೆಯಲು ಕಿಟಕಿಯೇ ಇರಲಿಲ್ಲ.

"ಬಾಗಿಲು ತೆಗೆದ್ರು," ಎಂದಳು ಅಜ್ಜಿ. "ಆ ಬಾಗಿಲು ತೆರೆಯೋದು ಮನೆಯೊಳಕ್ಕೆ ತಾನೆ? ಅವಳು ಮನೆಯೊಳಕ್ಕೇ ಬಂದ್ಲು. ಇನ್ನೂ ಗೋಡೆ ಸವರ್ತಾ ಓಡಾಡ್ತಿದ್ದಾಳೆ."

"ಸವರೋದಾದ್ರೆ ಕೈಗೊಂದಿಷ್ಟು ಸುಣ್ಣ ಹಚ್ಕೊಳ್ಳಲಿ ಅಜ್ಜಿ, ನಮಗೆ ಕೂಲಿ ಉಳಿಯುತ್ತೆ," ಎಂದರು ನನ್ನ ಯಜಮಾನರು ಸೈಲಸ್.

ನಾನು ನಗಲಿಲ್ಲ. "ಆ ಕಂದಾಯ ಈ ಬೇಸಿಗೆಗೆ ರದ್ದಾಯ್ತಲ್ಲ. ಕಿಟಕಿ ತೆಗೆಸಿ," ಎಂದೆ. ತಿಂಗಳಿಂದ ನಾನು ಬೇಡುತ್ತಿದ್ದುದು ಅದೊಂದನ್ನೇ.

"ಹಿಮ ಬೀಳೋ ಹೊತ್ತಲ್ಲಿ ಯಾರಾದ್ರೂ ಗೋಡೆ ತೂತು ಮಾಡ್ತಾರೇನೇ?" ಎಂದರು ಸೈಲಸ್.

ಅತ್ತೆ ಸುಮ್ಮನಿರುತ್ತಾರೆಯೇ? "ಕಾಣದ ಮುದುಕಿಗೆ ಇಷ್ಟು ಮರುಗ್ತೀಯಲ್ಲ, ನಾನು ಸತ್ರೆ ಒಂದು ಹನಿ ಕಣ್ಣೀರಾದ್ರೂ ಹಾಕ್ತೀಯಾ?"

"ಆ ಮುದುಕಿಗಾಗಿ ಅಲ್ಲ ಅತ್ತೆ," ಎಂದೆ.

ಅತ್ತೆ ಕೈಯ ಸೌಟನ್ನು ಒಲೆಯ ಅಂಚಿಗಿಟ್ಟು ಎದ್ದು ಹೋದರು.

ಬೆಳಗಾಗುತ್ತಲೇ ಬಡಗಣ ಕೋಣೆಯಿಂದ ದಡದಡ ಸದ್ದು. ಓಡಿಹೋಗಿ ನೋಡಿದರೆ ಅತ್ತೆ ಪಿಕಾಸಿ ಹಿಡಿದು ಇಟ್ಟಿಗೆ ಒಡೆಯುತ್ತಿದ್ದಾರೆ. ಸೈಲಸ್ ತಲೆ ತಗ್ಗಿಸಿಕೊಂಡು ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದಾರೆ. ಬೆಳಕು ಹಾಸಿಗೆಯ ಮೇಲೆ ಬಿತ್ತು.

"ದಾರಿಗೆ ಅಡ್ಡ ನಿಲ್ಬೇಡ ಮಗಳೇ," ಎಂದರು ಅತ್ತೆ. ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ನಾನು ಗೋಡೆಗೆ ಸರಿದು ನಿಂತೆ.

ಭಾವನಿಗೆ ವಂದನೆ, ಮಕ್ಕಳಿಗೆ ನನ್ನ ಮುತ್ತುಗಳು. ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಕೆಜಾಯಾ

ಮರೆತಿದ್ದಲ್ಲ ಅಕ್ಕ, ಬರೆಯಲಾಗಲಿಲ್ಲ: ಸೆಪ್ಟೆಂಬರ್ ಕೊನೆಗೆ ನನಗೆ ಹೆರಿಗೆಯಾಯಿತು. ಹೆಣ್ಣು. ನಿನ್ನ ಹೆಸರೇ ಇಟ್ಟೆವು. ಗಾಳಿ ತಾಕದೆಂದು ಬಾಣಂತನಕ್ಕೆ ಆ ಬಡಗಣ ಕೋಣೆಯನ್ನೇ ಕೊಟ್ಟಿದ್ದರು. ಮಗು ಹೋದದ್ದೂ ಅಲ್ಲೇ. ಈಗ ಕಿಟಕಿಯೇನೋ ತೆರೆದಿದೆ. ಆದರೆ ಅವಳಿಗೆ ಮಗ್ಗುಲಾಗಲೂ ಬರುತ್ತಿರಲಿಲ್ಲ. ಆ ಕಿಟಕಿಯವರೆಗೆ ಅವಳನ್ನು ಯಾರು ಎತ್ತಿಕೊಂಡು ಹೋದಾರು, ಹೇಳು?