ಕಾಲರ್ ಕತ್ತರಿಸುವ ವಿಡಿಯೊ

ಅಪ್ಪ,

ಅಂಗಿಯ ಕಾಲರ್ ಕತ್ತರಿಸುವಾಗ ನೀವು ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಿರಿ. "ನಿನಗೆ ಕಾಜಾ, ಗುಂಡಿ ಸಾಕು. ಕತ್ತರಿ ನಿಮ್ಮಣ್ಣಂಗೆ" ಅನ್ನುತ್ತಿದ್ದಿರಿ. ನೀವು ತೀರಿಕೊಂಡ ಮೇಲೆ ಅಣ್ಣ ಆ ಕತ್ತರಿಯನ್ನು ಮೂಸಿಯೂ ನೋಡಲಿಲ್ಲ. ನಾನು ಫೋನನ್ನು ದಾರದುಂಡೆಗೆ ಒರಗಿಸಿ, ಯಾರೋ ಗುರುತಿಲ್ಲದ ದರ್ಜಿಯ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತೆ. ಕೈ ಪಳಗಿಸಿಕೊಂಡಿದ್ದು ನಿಮ್ಮ ಹಳೆಯ ಅಂಗಿಗಳ ಮೇಲೆಯೇ, ಮೂರು ಚಿಂದಿಯಾದವು.

ಇವತ್ತು ಬೆಳಿಗ್ಗೆ ನಿಮ್ಮದೇ ಮೇಜಿನ ಮೇಲೆ ಕಾಲರ್ ಕತ್ತರಿಸಿ, ಕೈ ಚೆನ್ನಾಗಿ ಕಾಣುವಂತೆ ನಾನೇ ವಿಡಿಯೊ ಮಾಡಿ ಹಾಕಿದೆ. ಮನೆಯ ಗುಟ್ಟು ಬೀದಿಗೆ ಬಂತು, ಬೈಯುವುದಾದರೆ ಬೈಯಿರಿ.

ಮಧ್ಯಾಹ್ನ ಯಾರೋ ಹುಡುಗಿ ವಿಡಿಯೊದ ಕೆಳಗೆ ಬರೆದಿದ್ದಳು: "ಅಕ್ಕಾ, ಇನ್ನೊಂದ್ಸಲ ನಿಧಾನಕ್ಕೆ ತೋರಿಸ್ತೀರಾ?"

ತೋರಿಸಿದೆ. ನಾನು ನಿಮ್ಮನ್ನು ಕೇಳಿದ್ದೂ ಅಷ್ಟೇ.