ಕ್ಯಾಸೆಟ್ಟಿನ ಕೊನೆಯ ನಗು

ಅಜ್ಜಂಪುರ
೧೨-೩-೧೯೮೪

ಪ್ರೀತಿಯ ಶೈಲಜಾ,

ಕೊಚ್ಚಿಯಿಂದ ನೀನು ಕಳಿಸಿದ ಕ್ಯಾಸೆಟ್ ತಲುಪಿತು. "ಸಮುದ್ರದೊಳಗೆ ಮೈಕು ಇಳಿಬಿಟ್ಟು ಏನ್ ಕೇಳ್ತಾಳೋ ನಿನ್ನ ಹೆಂಡ್ತಿ?" ಎಂದು ಅಮ್ಮ ಕೇಳುತ್ತಲೇ ಇದ್ದಳು. ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ನಿನ್ನ ಹೈಡ್ರೋಫೋನಿಗೆ ಸಿಕ್ಕ ಸೀಗಡಿಗಳ ಚಟಪಟ ಕೇಳಿ, "ಒಗ್ಗರಣೇಲಿ ಸಾಸಿವೆ ಸಿಡಿದಂಗೈತೆ ಕಣೋ" ಎಂದು ಹಿಗ್ಗಿದಳು.

ಕೊನೆಯಲ್ಲಿ ನಿಮ್ಮ ಸಂಶೋಧನಾ ಹಡಗಿನ ಮೇಲಿನ ಮಾತೂ ಸೇರಿಕೊಂಡಿದೆ. ಯಾರೋ ಗಂಡಸು ನಿನ್ನನ್ನು "ಶೈಲೂ" ಎಂದು ಕರೆದ. ನೀನು ಗಟ್ಟಿಯಾಗಿ ನಕ್ಕೆ.

"ಯಾರೋ ಅದು?" ಎಂದಳು ಅಮ್ಮ.

"ಆಫೀಸಿನವರು" ಎಂದೆ.

ಆಮೇಲೆ ಒಬ್ಬನೇ ಕೂತು ಅಷ್ಟನ್ನೇ ಮತ್ತೆ ಮತ್ತೆ ಕೇಳಿದೆ. ಟೇಪು ಸುಕ್ಕಾಗಿದೆ. ನಮ್ಮ ಮನೆಯಲ್ಲಿ ನೀನು ಹಾಗೆ ನಕ್ಕಿದ್ದು ನೆನಪಿಲ್ಲ.

ಶಾಲೆಗೆ ರಜೆ ಹಾಕಿದ್ದೇನೆ. ಭಾನುವಾರ ಕಡೂರಿನಲ್ಲಿ ರೈಲು ಹತ್ತುತ್ತೇನೆ. ಕೊಚ್ಚಿ ಸ್ಟೇಷನ್ನಿಗೆ ನೀನೊಬ್ಬಳೇ ಬಾ.

ಇಂತಿ,
ನಿನ್ನ ಗಂಡ
ಮಹೇಶ್ವರಪ್ಪ